ಪರದೇಶದ ಮದುವೆಯೂ ಕೈಯಲ್ಲಿರುವ ಕಾರ್ಡೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಈ ಎರಡು ಕಾರ್ಯಗಳಲ್ಲಿ ಮನುಷ್ಯನು ಮೊದಲು ಎಣಿಸಿದ ಲೆಕ್ಕವೊಂದು, ಕಡೆಗೆ ತೆತ್ತ ಲೆಕ್ಕ ಮತ್ತೊಂದು ಆಗುವದೆಂಬದೇ ಅದರ ತಾತ್ಪರ್ಯ. ಸ್ವಂತ ಊರಿನಲ್ಲಿ, ಬಲ್ಲ ವರ್ತಕರ ನಡುವೆ, ಬಲ್ಲ ನಾಣ್ಯದಲ್ಲಿ ನಡೆಯುವ ಮದುವೆಯ ಸಂಗತಿಯೇ ಹೀಗಿರಲಾಗಿ, ಸಮುದ್ರದಾಚೆ ಬೇರೆ ನಾಣ್ಯ ಸಲ್ಲುವ ದೇಶದಲ್ಲಿ ಮಾಡುವ ಮದುವೆಯ ವಿಷಯವಾಗಿ ಹೇಳತಕ್ಕದ್ದೇನು?

ಇಂಥ ಮದುವೆಗಳು ಈಗ ಐಶ್ವರ್ಯವಂತರಿಗೆ ಮಾತ್ರ ಸೇರಿದವುಗಳಲ್ಲ. ನಮ್ಮ ಕರಾವಳಿಯ ಹಳ್ಳಿಗಳಿಂದ ಅನೇಕ ಯೌವನಸ್ಥರು ಕೊಲ್ಲಿಯ ದೇಶಗಳಿಗೆ ಹೋಗಿ ದಾದಿಯರಾಗಿಯೂ ಲೆಕ್ಕಿಗರಾಗಿಯೂ ಯಂತ್ರದ ಕೆಲಸದವರಾಗಿಯೂ ದುಡಿಯುತ್ತಾರೆ. ವರನೂ ವಧುವೂ ದುಬೈ ಪಟ್ಟಣದಲ್ಲೇ ಇದ್ದು, ಇಬ್ಬರಿಗೂ ಒಂದೇ ಕಾಲದಲ್ಲಿ ರಜೆ ದೊರೆಯದೆ ಹೋದರೆ, ಮದುವೆಯನ್ನು ಅಲ್ಲಿಯೇ ನಡಿಸುವದು ಸುಲಭವೆಂದು ತೋರುವದು. ಆ ಪಟ್ಟಣದ ಊದ್ ಮೇಥಾ ಎಂಬ ಭಾಗದಲ್ಲಿ ನಾನಾ ದೇಶಭಾಷೆಗಳ ಸಭೆಗಳು ಕೂಡಿಬರುವ ಹೋಲಿ ಟ್ರಿನಿಟಿ ದೇವಾಲಯವೂ ಉಂಟು. ಹೀಗಿರುವದರಿಂದ ಮಕ್ಕಳು ಊರಿಗೆ ಬರುವ ಬದಲಾಗಿ ತಂದೆತಾಯಿಗಳೇ ಮಂಗಳೂರಿನಿಂದ ವಿಮಾನ ಹತ್ತುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊರಡುವದಕ್ಕೆ ಮುಂಚೆ ಒಂದು ಪ್ರಶ್ನೆಯು ಅವರ ಮುಂದೆ ಬರುವದು. ಅದೇನಂದರೆ, ಅಲ್ಲಿ ಹಣವನ್ನು ಕೊಡುವದು ಹೇಗೆ? ನೋಟುಗಳನ್ನೆಲ್ಲಾ ಗಂಟು ಕಟ್ಟಿಕೊಂಡು ಹೋಗುವ ಹಾಗಿಲ್ಲ. ಯಾಕಂದರೆ ಒಂದು ಪ್ರಯಾಣಕ್ಕೆ ಸಾಧಾರಣವಾಗಿ 3,000 ಡಾಲರಿಗಿಂತ ಹೆಚ್ಚು ಬೆಲೆಯ ಪರದೇಶದ ನೋಟುಗಳನ್ನು ಕೊಂಡುಹೋಗಲು ನಮ್ಮ ರಿಜರ್ವ್ ಬ್ಯಾಂಕಿನ ಅಪ್ಪಣೆಯಿಲ್ಲ. ಆದದರಿಂದ ಕಾರ್ಡು ಬೇಕೇ ಬೇಕು. ಹಾಗಾದರೆ ಯಾವ ಕಾರ್ಡು?

ಪ್ರಿಯ ವಾಚಕರೇ, ಈ ಪ್ರಶ್ನೆಯು ಬರೇ ವ್ಯಾಪಾರದ ಪ್ರಶ್ನೆಯೆಂದು ತೋರಬಹುದು. ಯಾವದರಲ್ಲಿ ಶುಲ್ಕ ಕಡಿಮೆಯೋ ಅದನ್ನು ತಕ್ಕೊಂಡರೆ ಮುಗಿಯಿತು ಎಂದು ಹೇಳುವವರು ಬಹು ಜನ ಇದ್ದಾರೆ. ಆದರೆ ಸ್ವಲ್ಪ ಆಲೋಚಿಸಿ ನೋಡಿದರೆ, ಶುಲ್ಕದ ಪ್ರಶ್ನೆಯ ಕೆಳಗೆ ನಡತೆಯ ಪ್ರಶ್ನೆಯೊಂದು ಅಡಗಿರುವದು ತಿಳಿಯುವದು. ಆ ಪ್ರಶ್ನೆ ಏನಂದರೆ: ನಾವು ಸಂತೋಷದಲ್ಲಿ ಮೈಮರೆತಿರುವಾಗ ನಮಗೆ ‘ಸಾಕು’ ಎಂದು ಹೇಳತಕ್ಕವರು ಯಾರು?

ಮೊದಲು ಕಾರ್ಡುಗಳ ಸ್ವಭಾವವನ್ನು ತಿಳುಕೊಳ್ಳೋಣ. ಅವು ನೋಡಲಿಕ್ಕೆ ಒಂದೇ ಅಳತೆಯ, ಒಂದೇ ಹೊಳಪಿನ ತುಂಡುಗಳಾಗಿದ್ದರೂ ಒಳಗಿನ ಗುಣದಲ್ಲಿ ಮೂರು ಬಗೆ. ಒಂದನೆಯದು ಕ್ರೆಡಿಟ್ ಕಾರ್ಡು. ಇದರಲ್ಲಿ ಖರ್ಚಾಗುವದು ಬ್ಯಾಂಕಿನ ಹಣ. ನಾವು ಹಿಂದಿನಿಂದ ತೀರಿಸತಕ್ಕವರು. ಎರಡನೆಯದು ಡೆಬಿಟ್ ಕಾರ್ಡು. ಇದರಲ್ಲಿ ಖರ್ಚಾಗುವದು ನಮ್ಮ ಉಳಿತಾಯದ ಖಾತೆಯಲ್ಲಿರುವ ಹಣ. ಮೂರನೆಯದು ಮುಂಗಡವಾಗಿ ಹಣ ತುಂಬಿಸಿದ ಫಾರೆಕ್ಸ್ ಕಾರ್ಡು. ಹೊರಡುವದಕ್ಕೆ ಮುಂಚೆ ಇಷ್ಟು ಡಾಲರು ಇಲ್ಲವೆ ಇಷ್ಟು ದಿರ್ಹಮ್ ಎಂದು ಅದಕ್ಕೆ ತುಂಬಿಸಬೇಕು. ತುಂಬಿಸಿದ್ದು ತೀರಿದ ಮೇಲೆ ಅದು ಕೆಲಸ ಮಾಡುವದಿಲ್ಲ.

ಒಕ್ಕಲಿಗನು ಇವನ್ನು ತನ್ನ ಮನೆಯ ಹೋಲಿಕೆಯಿಂದ ಸುಲಭವಾಗಿ ತಿಳಿಯಬಹುದು. ಕ್ರೆಡಿಟ್ ಕಾರ್ಡು ಪರರ ಕಣಜಕ್ಕೆ ಇಟ್ಟ ಏಣಿ. ಡೆಬಿಟ್ ಕಾರ್ಡು ಸ್ವಂತ ಕಣಜದ ಬೀಗದ ಕೈ. ಆ ಕಣಜದಲ್ಲಿ ಮದುವೆಗೆಂದು ಇಟ್ಟದ್ದು ಮಾತ್ರವಲ್ಲ, ಚಿಕ್ಕ ಮಗನ ಶಾಲೆಯ ಫೀಸೂ ಅಜ್ಜಿಯ ಔಷಧದ ಹಣವೂ ಮಳೆಗಾಲದ ಗೊಬ್ಬರದ ಹಣವೂ ಬೆರೆತಿರುತ್ತವೆ. ಫಾರೆಕ್ಸ್ ಕಾರ್ಡಾದರೋ ಕಣಜದಿಂದ ಅಳೆದು ತೆಗೆದು ಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿ. ಅದು ಎಷ್ಟು ಸೇರೆಂಬದು ಕಟ್ಟಿದವನಿಗೂ ಗೊತ್ತು, ಬಿಚ್ಚುವವನಿಗೂ ಗೊತ್ತು.

ಈ ಕಾರ್ಡುಗಳು ಹುಟ್ಟಿ ಬಹಳ ಕಾಲವಾಗಲಿಲ್ಲ. 1950ರಲ್ಲಿ ಅಮೇರಿಕಾ ದೇಶದ ನ್ಯೂಯಾರ್ಕ್ ಪಟ್ಟಣದಲ್ಲಿ ಡೈನರ್ಸ್ ಕ್ಲಬ್ ಎಂಬ ಸಂಘದ ಕಾರ್ಡು ಹೊರಟಿತು. ಅದನ್ನು ತೋರಿಸಿ ಊಟದ ಮನೆಗಳಲ್ಲಿ ಊಟ ಮಾಡಿದವರು ಲೆಕ್ಕ ಬಂದಾಗ ಪೂರ್ಣ ಮೊತ್ತವನ್ನೂ ತೀರಿಸಬೇಕಾಗಿತ್ತು. ಅದು ಕೊಡುವದರಲ್ಲಿ ಒಂದು ಅನುಕೂಲವೇ ಹೊರತು ಬಡ್ಡಿಯ ಸಾಲವಲ್ಲ. 1958ರಲ್ಲಿ ಬ್ಯಾಂಕ್ ಆಫ್ ಅಮೇರಿಕಾ ಎಂಬ ಬ್ಯಾಂಕು ಕ್ಯಾಲಿಫೋರ್ನಿಯಾದ ಫ್ರೆಸ್ನೋ ಎಂಬ ಊರಿನಲ್ಲಿ, ಕೇಳದೆ ಇದ್ದ ಸುಮಾರು 60,000 ಮಂದಿಗೆ ಅಂಚೆಯ ಮೂಲಕ ಕಾರ್ಡುಗಳನ್ನು ಕಳುಹಿಸಿತು. ಅವುಗಳ ಬಾಕಿಯನ್ನು ಸ್ವಲ್ಪ ಸ್ವಲ್ಪವಾಗಿ ಬಡ್ಡಿಯೊಂದಿಗೆ ತೀರಿಸಬಹುದಾಗಿತ್ತು. ಅಂದಿನಿಂದ ಕಾರ್ಡು ಕೊಡುವ ಕೈ ಮಾತ್ರವಲ್ಲ, ಸಾಲ ತರುವ ಕೈಯೂ ಆಯಿತು. ನಮ್ಮ ದೇಶದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಇಂಥ ಕಾರ್ಡನ್ನು ಕೊಡಲಾರಂಭಿಸಿತು. ಕ್ರೆಡಿಟ್ ಎಂಬ ಮಾತು ಲತೀನ್ ಭಾಷೆಯದು. ನಂಬು ಎಂಬದೇ ಅದರ ಮೂಲಾರ್ಥ. ನಾವು ಸಭೆಯಲ್ಲಿ ಹೇಳುವ ವಿಶ್ವಾಸಪ್ರಮಾಣದ ಲತೀನ್ ಮೂಲವು ಆರಂಭವಾಗುವದೂ ಅದೇ ಧಾತುವಿನಿಂದ. ಆದರೆ ನೆರೆಯವನು ನಮ್ಮನ್ನು ನಂಬಿ ಕಡಕೊಡುವದಕ್ಕೂ, ನಮ್ಮ ಮುಖವನ್ನೇ ನೋಡದವನು ಬಡ್ಡಿಯ ಆಶೆಯಿಂದ ಕೊಡುವದಕ್ಕೂ ಎಷ್ಟು ದೂರವೆಂಬದನ್ನು ನಾವು ನೋಡಬೇಕು.

ಪೂರ್ವದಲ್ಲಿ ಹಳ್ಳಿಯ ಮನುಷ್ಯನಿಗೆ ‘ಸಾಕು’ ಎಂದು ಹೇಳುವವರು ಮೂವರಿದ್ದರು. ಮೊದಲನೆಯದು ಬರಿದಾದ ಚೀಲ. ಕೈ ಹಾಕಿದಾಗ ತಳ ತಗಲಿತೆಂದರೆ ಬೇರೆ ಬುದ್ಧಿಮಾತು ಬೇಕಾಗಿರಲಿಲ್ಲ. ಎರಡನೆಯವನು ಅಂಗಡಿಯವನು. ಅವನು ಕಡದ ಪುಸ್ತಕದಲ್ಲಿ ಬರೆಯುತ್ತಾ ಬರೆಯುತ್ತಾ ಒಂದು ದಿನ ಲೇಖಣಿಯನ್ನು ಕೆಳಗಿಟ್ಟು, ಹಿಂದಿನದು ಸ್ವಲ್ಪ ತೀರಲಿ ಅನ್ನುವನು. ಅವನಿಗೆ ನಮ್ಮ ಹೊಲದ ಬೆಳೆಯೂ ಗೊತ್ತಿತ್ತು, ಮನೆಯ ಬಾಯಿಗಳೂ ಗೊತ್ತಿದ್ದವು. ಮೂರನೆಯವರು ಮನೆಯ ಹಿರಿಯರು. ಅವರು ಬಾಯಿ ತೆರೆಯಬೇಕಾಗಿರಲಿಲ್ಲ, ಒಂದು ಸಾರಿ ಮುಖ ನೋಡಿದರೆ ಸಾಕಾಗಿತ್ತು.

ಪರದೇಶದ ಮದುವೆಯಲ್ಲಿ ಈ ಮೂವರೂ ಇಲ್ಲವಾಗುತ್ತಾರೆ. ಕಾರ್ಡಿಗೆ ತಳವು ಕೈಗೆ ತಗಲುವದಿಲ್ಲ. ಅಲ್ಲಿಯ ವರ್ತಕನಿಗೆ ನಮ್ಮ ಹೊಲ ಗೊತ್ತಿಲ್ಲ. ಹಿರಿಯರಿಗೆ ಆ ದೇಶದ ಬೆಲೆ ತಿಳಿಯದು. ಒಂದು ಹೂವಿನ ಕಮಾನಿಗೆ 2,000 ದಿರ್ಹಮ್ ಅಂದರೆ ಅದು ಹೆಚ್ಚೋ ಕಡಿಮೆಯೋ ಎಂದು ಅವರು ಹೇಳಲಾರದೆ ಸುಮ್ಮನಾಗುವರು. ಇದಲ್ಲದೆ ಪರದೇಶದ ನಾಣ್ಯವು ಆಟದ ಹಣದಂತೆ ಹಗುರವಾಗಿ ತೋರುವದುಂಟು. ಅಮೇರಿಕಾದ ಮಸ್ಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಪ್ರೆಲೆಕ್, ಸಿಮೆಸ್ಟರ್ ಎಂಬಿಬ್ಬರು ಪಂಡಿತರು ಮಾಡಿ 2001ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯು ಇಲ್ಲಿ ನೆನಪಿಗೆ ತರತಕ್ಕದ್ದಾಗಿದೆ. ಅವರು ಚೆಂಡಾಟದ ಟಿಕೇಟುಗಳನ್ನು ಹರಾಜಿಗಿಟ್ಟು, ಕೆಲವರು ರೊಕ್ಕ ಕೊಡಬೇಕೆಂದೂ ಕೆಲವರು ಕ್ರೆಡಿಟ್ ಕಾರ್ಡಿನಿಂದ ಕೊಡಬೇಕೆಂದೂ ತಿಳಿಸಿದರು. ಕಾರ್ಡಿನಿಂದ ಕೊಡತಕ್ಕವರು ರೊಕ್ಕ ಕೊಡತಕ್ಕವರಿಗಿಂತ ಎರಡರಷ್ಟರ ವರೆಗೂ ಹೆಚ್ಚು ಬೆಲೆಯನ್ನು ಬರಕೊಟ್ಟರು. ಟಿಕೇಟು ಅದೇ, ಮನುಷ್ಯರೂ ಅಂಥವರೇ. ಕೊಡುವ ದಾರಿ ಮಾತ್ರ ಬೇರೆ. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ಕಾರ್ಡು ಬುದ್ಧಿಯಿಲ್ಲದ ವಸ್ತುವಾದರೂ ಅದನ್ನು ಹಿಡಿದವನ ಬುದ್ಧಿಯನ್ನು ಬಾಗಿಸುವ ಶಕ್ತಿಯುಳ್ಳದ್ದು.

ಆದಕಾರಣ ಮೂವರು ಮಾಡುತ್ತಿದ್ದ ಕೆಲಸವು ಈಗ ಒಬ್ಬನ ಮೇಲೆ ಬಿದ್ದಿದೆ. ಕಾರ್ಡನ್ನು ಆರಿಸಿಕೊಳ್ಳುವವನು ತನಗೆ ‘ಸಾಕು’ ಎಂದು ಹೇಳತಕ್ಕವರನ್ನು ಆರಿಸಿಕೊಳ್ಳುತ್ತಾನೆ. ಕ್ರೆಡಿಟ್ ಕಾರ್ಡನ್ನು ತಕ್ಕೊಂಡವನು ಆ ಮಾತನ್ನು ಬ್ಯಾಂಕಿಗೆ ಒಪ್ಪಿಸುತ್ತಾನೆ. ಬ್ಯಾಂಕು ಅದನ್ನು ಹೇಳುವದು ಬಹು ದೂರ ಹೋದ ಮೇಲೆಯೇ. ಡೆಬಿಟ್ ಕಾರ್ಡನ್ನು ಮಾತ್ರ ತಕ್ಕೊಂಡವನು ಮನೆಯ ಕಡೇ ಕಾಸಿಗೆ ಆ ಮಾತನ್ನು ಒಪ್ಪಿಸುತ್ತಾನೆ. ಮುಂಗಡ ತುಂಬಿಸಿದ ಕಾರ್ಡನ್ನು ತಕ್ಕೊಂಡವನು, ಮನಸ್ಸು ತಣ್ಣಗಿದ್ದ ದಿನ ತಾನೇ ಆಡಿದ ಮಾತನ್ನು, ಮನಸ್ಸು ಕುದಿಯುವ ದಿನ ತನಗೇ ಕೇಳಿಸುವಂತೆ ಇಟ್ಟುಕೊಳ್ಳುತ್ತಾನೆ.

ಇಲ್ಲಿ ಒಬ್ಬನು ಎದ್ದು ಹೀಗನ್ನಬಹುದು: “ಪ್ರಾಯಕ್ಕೆ ಬಂದ ಮನುಷ್ಯನು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವದು ಅವಮಾನವಲ್ಲವೇ? ಕಟ್ಟಿಲ್ಲದೆ ಇದ್ದು ತಡಕೊಳ್ಳುವದೇ ಸದ್ಗುಣ. ಹಣವಿಲ್ಲವೆಂದು ನಿಂತವನಿಗೆ ಮಿತವ್ಯಯದ ಹೊಗಳಿಕೆ ಯಾಕೆ?” ಈ ಮಾತಿನಲ್ಲಿ ಸತ್ಯವಿಲ್ಲವೆಂದು ಹೇಳಲಾಗದು. ಹಗ್ಗದಿಂದ ಕಟ್ಟಿದ ಎತ್ತು ಪರರ ಪೈರನ್ನು ಮೇಯಲಿಲ್ಲವೆಂದು ಅದನ್ನು ನಾವು ನೀತಿವಂತನೆಂದು ಕರೆಯುವದಿಲ್ಲ.

ಆದರೆ ಹಗ್ಗವನ್ನು ಕಟ್ಟಿದವರಾರು ಎಂಬದರ ಮೇಲೆ ಎಲ್ಲವೂ ನಿಂತಿದೆ. ಗ್ರೀಕರಲ್ಲಿ ಒಂದು ಪುರಾತನ ಕಥೆಯುಂಟು. ಯುಲಿಸೀಸ್ ಎಂಬ ವೀರನ ಹಡಗು ಒಂದು ದ್ವೀಪದ ಬಳಿಯಲ್ಲಿ ಹಾದುಹೋಗಬೇಕಾಗಿತ್ತು. ಅಲ್ಲಿಯ ಮಾಯಾಗಾಯಕಿಯರ ಹಾಡನ್ನು ಕೇಳಿದವರೆಲ್ಲರೂ ಅದಕ್ಕೆ ಮರುಳಾಗಿ ನಾಶವಾಗುತ್ತಿದ್ದರು. ಇದನ್ನು ಮುಂದಾಗಿ ತಿಳಿದ ಯುಲಿಸೀಸನು ನಾವಿಕರ ಕಿವಿಗಳಿಗೆ ಮೇಣವನ್ನು ಮೆತ್ತಿ, ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿ, ನಾನು ಬಿಚ್ಚಿರೆಂದು ಬೇಡಿಕೊಂಡರೆ ಇನ್ನೂ ಬಿಗಿಯಾಗಿ ಕಟ್ಟಿರಿ ಎಂದು ಅಪ್ಪಣೆಕೊಟ್ಟನು. ಹೀಗೆ ಅವನು ಹಾಡನ್ನೂ ಕೇಳಿದನು, ಪ್ರಾಣವನ್ನೂ ಉಳಿಸಿಕೊಂಡನು. ಕಂಬಕ್ಕೆ ಕಟ್ಟಲ್ಪಟ್ಟಿದ್ದ ಆ ಮನುಷ್ಯನು ದಾಸನೋ ಸ್ವತಂತ್ರನೋ? ಕಟ್ಟಿಸಿಕೊಂಡವನು ಅವನೇ ಆಗಿರುವದರಿಂದ ಆ ಕಟ್ಟು ಅವನ ಸ್ವಾತಂತ್ರ್ಯದ ಕೆಲಸವೇ. ತನ್ನ ಬಲಹೀನತೆಯು ಯಾವ ಗಳಿಗೆಯಲ್ಲಿ ಬರುವದೆಂದು ಬಲ್ಲವನು, ಬಲವಿರುವ ಗಳಿಗೆಯಲ್ಲಿ ಅದಕ್ಕೆ ಬೇಲಿ ಹಾಕುತ್ತಾನೆ. ನಮ್ಮ ಒಕ್ಕಲಿಗರು ಬಿತ್ತನೆಯ ಭತ್ತವನ್ನು ಬೇರೆ ಮುಡಿ ಕಟ್ಟಿ ಅಟ್ಟದ ಮೇಲಿಡುವದು ಇದೇ ಬುದ್ಧಿಯಿಂದಲ್ಲವೇ? ಆಟಿಯ ತಿಂಗಳ ಹಸಿವಿನಲ್ಲಿ ಅದು ಕೈಗೆ ಸುಲಭವಾಗಿ ಸಿಕ್ಕಬಾರದು. ಆ ಮುಡಿಯನ್ನು ಕಟ್ಟಿದವನನ್ನು ಬುದ್ಧಿಹೀನನೆಂದಾಗಲಿ ಮನಸ್ಸಿನ ದೃಢತೆಯಿಲ್ಲದವನೆಂದಾಗಲಿ ಯಾರೂ ಕರೆಯರು.

ಮತ್ತೊಬ್ಬನು ಹೀಗನ್ನುವನು: “ಮದುವೆ ಜೀವಮಾನದಲ್ಲಿ ಒಂದೇ ಸಾರಿ. ಈಗ ಕೈಬಿಗಿಹಿಡಿಯುವದೇಕೆ? ಮಕ್ಕಳಿಬ್ಬರೂ ದುಡಿಯುವವರು, ಬರುವ ವರ್ಷ ತೀರಿಸುವರು.” ಇದೇ ಅತಿ ಕಠಿಣವಾದ ಪ್ರಶ್ನೆ, ಯಾಕಂದರೆ ಇದು ನಾಳೆಯ ಕೂಲಿ ಯಾರದು ಎಂಬ ಪ್ರಶ್ನೆಯಾಗಿದೆ. ಇಂದಿನ ಹಣವನ್ನು ಇಂದು ಖರ್ಚುಮಾಡುವವನು ತನ್ನದನ್ನು ಖರ್ಚುಮಾಡುತ್ತಾನೆ. ನಾಳೆಯ ಹಣವನ್ನು ಇಂದು ಖರ್ಚುಮಾಡುವವನಾದರೋ ನಾಳೆಯ ಮನುಷ್ಯನ ಪಾಲನ್ನು ಅವನನ್ನು ಕೇಳದೆ ತೆಗೆದುಕೊಳ್ಳುತ್ತಾನೆ. ಆ ನಾಳೆಯ ಮನುಷ್ಯರು ಯಾರು? ಮದುವೆಯ ದಿನ ಹೂಮಾಲೆ ಧರಿಸಿ ನಿಂತಿರುವ ಅದೇ ವಧುವರರು. ಅವರ ಸಂಸಾರದ ಮೊದಲನೆಯ ಕೂಲಿಯು, ಅವರ ಮೊದಲನೆಯ ಕೂಸಿನ ತೊಟ್ಟಿಲಿನ ಹಣವು, ಅವರನ್ನು ಸನ್ಮಾನಿಸುವದಕ್ಕೆಂಬ ಹೆಸರಿನಿಂದಲೇ ಅಡವು ಬೀಳುವದು.

ಇದು ಬರೇ ಮಾತಲ್ಲ, ಲೆಕ್ಕವಿಟ್ಟು ನೋಡೋಣ. ಒಂದು ಕುಟುಂಬದವರು ಮದುವೆಯ ಗಡಿಬಿಡಿಯಲ್ಲಿ ಕ್ರೆಡಿಟ್ ಕಾರ್ಡಿನ ಮೇಲೆ 2,00,000 ರೂಪಾಯಿ ಬಾಕಿ ಮಾಡಿಕೊಂಡರೆಂದು ಎಣಿಸಿರಿ. ಬಡ್ಡಿಯು ತಿಂಗಳಿಗೆ ನೂರಕ್ಕೆ 3.5 ಇರಲಿ, ನಮ್ಮ ದೇಶದ ಅನೇಕ ಕಾರ್ಡುಗಳಲ್ಲಿ ದರವು ಈ ಸುಮಾರಿನಲ್ಲಿಯೇ ಇದೆ. ಒಂದು ತಿಂಗಳಿನ ಬಡ್ಡಿ 7,000 ರೂಪಾಯಿ. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ತೆರಿಗೆ 1,260 ರೂಪಾಯಿ. ಒಟ್ಟು 8,260. ಅವರು ಕಷ್ಟಪಟ್ಟು ತಿಂಗಳಿಗೆ 10,000 ರೂಪಾಯಿಯಂತೆ ಕಟ್ಟಿದರೆ ಮೊದಲನೆಯ ತಿಂಗಳು ಅಸಲಿಗೆ ಸೇರುವದು 1,740 ರೂಪಾಯಿ ಮಾತ್ರ. ವರ್ಷ ತುಂಬುವಾಗ ಅವರು 1,20,000 ರೂಪಾಯಿ ಕೊಟ್ಟಿರುವರು. ಆದರೆ ಬಾಕಿಯು ಇನ್ನೂ ಸುಮಾರು 1,73,700 ಇರುವದು. ಪೂರ್ಣವಾಗಿ ತೀರಲಿಕ್ಕೆ 44 ತಿಂಗಳು ಬೇಕು. ಅಷ್ಟರಲ್ಲಿ ಕೊಟ್ಟ ಮೊತ್ತವು 4,32,000 ರೂಪಾಯಿಗಳನ್ನು ದಾಟುವದು. ಇಷ್ಟು ಬಡ್ಡಿಯನ್ನು ಕಾಯಿದೆಯು ತಡೆಯುವದಿಲ್ಲವೋ ಎಂದು ಕೇಳುವಿರಾದರೆ, ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚು ಬಡ್ಡಿಯನ್ನು ತಕ್ಕೊಳ್ಳುವದು ಅನ್ಯಾಯದ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಮಾನಿಸಿತ್ತು. ಆ ತೀರ್ಮಾನವನ್ನು ಸುಪ್ರೀಂ ಕೋರ್ಟು 2024ರ ದಶಂಬರ 20ರಂದು ರದ್ದುಮಾಡಿತು. ಆದದರಿಂದ ಇಲ್ಲಿ ಮೇರೆಯನ್ನು ಹಾಕತಕ್ಕವರು ನಾವೇ.

ಹೀಗೆಂದ ಮಾತ್ರಕ್ಕೆ ಕ್ರೆಡಿಟ್ ಕಾರ್ಡು ಕೇವಲ ಕೆಟ್ಟದ್ದೆಂದು ಹೇಳುವದು ನ್ಯಾಯವಲ್ಲ. ಅದಕ್ಕೂ ತಕ್ಕ ಸ್ಥಳವುಂಟು. ಪರದೇಶದ ಹೋಟೆಲಿನವರು ನಾವು ಬಂದಿಳಿದ ದಿನವೇ ಭದ್ರತೆಗಾಗಿ ಒಂದು ಮೊತ್ತವನ್ನು ಕಾರ್ಡಿನಲ್ಲಿ ತಡೆದಿಡುತ್ತಾರೆ. ಖರ್ಚಾಗದಿದ್ದರೂ ಅದು ಬಿಡುಗಡೆಯಾಗಲಿಕ್ಕೆ ಕೆಲವು ದಿವಸ ಹಿಡಿಯುವದುಂಟು. ಆ ತಡೆಯು ಮುಂಗಡದ ಕಾರ್ಡಿನ ಮೇಲೆ ಬಿದ್ದರೆ ಅಡಿಗೆಯವನಿಗೆ ಕೊಡಬೇಕಾದ ನಮ್ಮ ಹಣವೇ ಕಟ್ಟುಬೀಳುವದು. ಕ್ರೆಡಿಟ್ ಕಾರ್ಡಿನ ಮೇಲೆ ಬಿದ್ದರೆ ನಮಗೆ ತೊಂದರೆಯಿಲ್ಲ. ವೃದ್ಧಳಾದ ತಾಯಿಯು ಅಲ್ಲಿ ತಟ್ಟನೆ ಅಸ್ವಸ್ಥಳಾದರೆ, ಮುಡಿಯಲ್ಲಿದ್ದದ್ದು ತೀರಿತೆಂದು ಹೇಳಿ ಆಸ್ಪತ್ರೆಯ ಬಾಗಲಲ್ಲಿ ನಿಲ್ಲುವದು ಮಿತವ್ಯಯವಲ್ಲ, ಮೂರ್ಖತನ. ಮಾತುಕೊಟ್ಟ ಪದಾರ್ಥವನ್ನು ವರ್ತಕನು ಕೊಡದೆ ಹೋದರೆ ಬ್ಯಾಂಕಿನ ಮೂಲಕ ಹಣವನ್ನು ಹಿಂದಕ್ಕೆ ಕೇಳಲಿಕ್ಕೆ ದಾರಿಯೂ ಇದೆ. ಲೆಕ್ಕ ಬಂದ ಕೂಡಲೇ ಪೂರ್ಣ ತೀರಿಸುವವನಿಗೆ ಅದರಲ್ಲಿ ಬಡ್ಡಿಯೂ ಇಲ್ಲ. ಆದದರಿಂದ ಬೇಲಿ ಬೇಕು. ಆದರೆ ಬೆಂಕಿ ಬಿದ್ದಾಗ ಓಡಲಿಕ್ಕೆ ಬೇಲಿಯಲ್ಲಿ ಒಂದು ತಡಮೆಯೂ ಬೇಕು.

ಈ ವಿಚಾರಗಳೆಲ್ಲವುಗಳಿಂದ ಹೊರಡುವ ಬುದ್ಧಿವಾದವು ಹೀಗೆ. ಮದುವೆಗೆ ಇಷ್ಟೇ ಎಂದು ಮನೆಯವರೆಲ್ಲರೂ ಕೂತು ಒಪ್ಪಿದ ಮೊತ್ತವನ್ನು ಮುಂಗಡದ ಕಾರ್ಡಿಗೆ ತುಂಬಿಸತಕ್ಕದ್ದು. ಮದುವೆಯ ಖರ್ಚೆಲ್ಲಾ ಅದರಿಂದಲೇ ನಡೆಯಲಿ. ಕ್ರೆಡಿಟ್ ಕಾರ್ಡೊಂದನ್ನು ಚಿಕ್ಕ ಮಿತಿಯನ್ನಿಟ್ಟು ಹೋಟೆಲಿನ ಭದ್ರತೆಗೂ ಆಪತ್ಕಾಲಕ್ಕೂ ಮಾತ್ರ ಇಟ್ಟುಕೊಳ್ಳಲಿ. ಅದು ಸೀರೆ ಒಡವೆಗಳನ್ನು ಕೊಳ್ಳುವವರ ಕೈಯಲ್ಲಿರದೆ ಬೇರೊಬ್ಬರ ವಶದಲ್ಲಿರುವದು ಉತ್ತಮ. 2020ರಲ್ಲಿ ರಿಜರ್ವ್ ಬ್ಯಾಂಕು ಕೊಟ್ಟ ಆಜ್ಞೆಯ ಪ್ರಕಾರ ಹೊಸ ಡೆಬಿಟ್, ಕ್ರೆಡಿಟ್ ಕಾರ್ಡುಗಳು ಮೊದಲು ಭಾರತದೊಳಗೆ ಮಾತ್ರ ನಡೆಯುತ್ತವೆ. ಪರದೇಶದ ಬಾಗಿಲನ್ನು ಕಾರ್ಡಿನವನೇ ತೆರೆಯಬೇಕು. ದಿನಕ್ಕೆ ಇಷ್ಟೇ ಎಂಬ ಮಿತಿಯನ್ನೂ ಅವನೇ ಇಡಬಹುದು. ಅಗಳಿಯನ್ನು ಕಾಯಿದೆಯು ಮಾಡಿಕೊಟ್ಟಿದೆ. ಅದನ್ನು ಎಷ್ಟು ಸರಿಸಬೇಕೆಂಬದು ನಮ್ಮ ಕೈಯಲ್ಲಿದೆ.

ಶುಲ್ಕಗಳ ವಿಷಯದಲ್ಲಿಯೂ ನಾಲ್ಕು ಮಾತು ಹೇಳುವದು ಅವಶ್ಯ. ಒಂದನೆಯದು: ಸಾಧಾರಣ ಡೆಬಿಟ್ ಇಲ್ಲವೆ ಕ್ರೆಡಿಟ್ ಕಾರ್ಡನ್ನು ಪರದೇಶದಲ್ಲಿ ತಿಕ್ಕಿದಾಗ ಅನೇಕ ಬ್ಯಾಂಕುಗಳು ನೂರಕ್ಕೆ 2ರಿಂದ 3.5ರ ವರೆಗೆ ಹೆಚ್ಚು ಹಿಡಿಯುತ್ತವೆ. ಅದರ ಮೇಲೆ ತೆರಿಗೆ ಬೇರೆ. 3.5ರ ದರದಲ್ಲಿ 3,00,000 ರೂಪಾಯಿಯ ಖರ್ಚಿಗೆ ಹೀಗೆ 12,390 ರೂಪಾಯಿ ಗಾಳಿಗೆ ಹೋಗುವದು. ಈ ಶುಲ್ಕವಿಲ್ಲದ ಕಾರ್ಡುಗಳೂ ಇರುವದರಿಂದ ಕೇಳಿ ತಿಳಿಯತಕ್ಕದ್ದು. ಎರಡನೆಯದು: ದುಬೈಯ ದಿರ್ಹಮ್ 1997ರಿಂದ ಒಂದು ಡಾಲರಿಗೆ 3.6725ರಂತೆ ಕಟ್ಟಲ್ಪಟ್ಟಿದೆ. ಹಾಗಾದರೆ ಡಾಲರು ತುಂಬಿಸಿದರೂ ಒಂದೇ ಎಂದು ತಿಳಿಯಬಾರದು. ಡಾಲರಿನ ಕಾರ್ಡಿನಿಂದ ದಿರ್ಹಮ್ ಕೊಡುವಾಗ ನಾಣ್ಯ ಬದಲಾವಣೆಯ ಶುಲ್ಕ ಬೀಳಬಹುದು. ಎಲ್ಲಿ ಮದುವೆಯೋ ಅಲ್ಲಿಯ ನಾಣ್ಯವನ್ನೇ ತುಂಬಿಸುವದು ಒಳ್ಳೇದು. ಮೂರನೆಯದು: ಅಲ್ಲಿಯ ಅಂಗಡಿಯ ಯಂತ್ರವು, ರೂಪಾಯಿಯಲ್ಲಿ ಕೊಡುವಿರೋ ದಿರ್ಹಮಿನಲ್ಲೋ ಎಂದು ಕೇಳುವದುಂಟು. ರೂಪಾಯಿ ಎಂಬ ಮಾತು ಕಿವಿಗೆ ಸ್ನೇಹಿತನ ಧ್ವನಿಯಂತೆ ಕೇಳುವದು. ಆದರೆ ಆ ಬದಲಾವಣೆಯ ದರವು ಸಾಧಾರಣವಾಗಿ ನಮಗೆ ನಷ್ಟದ್ದೇ. ದಿರ್ಹಮ್ ಎಂದೇ ಹೇಳಬೇಕು. ನಾಲ್ಕನೆಯದು: ತಿರಿಗಿ ಬಂದ ಮೇಲೆ ಮಿಕ್ಕದ್ದನ್ನು ಮರೆಯಬಾರದು. 2,000 ಡಾಲರಿನ ವರೆಗೆ ಇಟ್ಟುಕೊಳ್ಳಬಹುದು. ಅದಕ್ಕೆ ಮೇಲ್ಪಟ್ಟದ್ದನ್ನು 180 ದಿವಸಗಳೊಳಗೆ ಬ್ಯಾಂಕಿಗೆ ಒಪ್ಪಿಸತಕ್ಕದ್ದು.

ಮೊತ್ತವನ್ನು ಗೊತ್ತುಮಾಡುವಾಗಲೂ ಸತ್ಯವಂತಿಕೆ ಬೇಕು. ದುಬೈಯಲ್ಲಿ 2018ರ ಜನವರಿ 1ರಿಂದ ಹೆಚ್ಚಿನ ಪದಾರ್ಥಗಳ ಮೇಲೆ ನೂರಕ್ಕೆ 5ರ ತೆರಿಗೆ ಇದೆ; ಹೋಟೆಲಿನ ಕೋಣೆಯೊಂದಕ್ಕೆ ರಾತ್ರಿಗೆ 7ರಿಂದ 20 ದಿರ್ಹಮಿನ ವರೆಗೆ ಬೇರೊಂದು ಪ್ರವಾಸಿಗರ ಶುಲ್ಕವೂ ಇದೆ. ಇವನ್ನು ಸೇರಿಸದೆ ಬರೆದ ಅಂದಾಜು ಅಂದಾಜಲ್ಲ, ಆಶೆ. ಆದರೆ ಇದಕ್ಕಿಂತ ದೊಡ್ಡ ಮರೆವೊಂದುಂಟು. ಪರದೇಶದ ಮದುವೆಯಲ್ಲಿ ಖರ್ಚಿನ ಒಂದು ಪಾಲು ನಮ್ಮ ಕಾರ್ಡಿನ ಮೇಲೆ ಬೀಳದೆ ಅತಿಥಿಗಳ ಕಾರ್ಡಿನ ಮೇಲೆ ಬೀಳುವದು. ಊರಿನಲ್ಲಿ ಮದುವೆಯಾಗಿದ್ದರೆ ನಡೆದು ಬರುತ್ತಿದ್ದ ಚಿಕ್ಕಪ್ಪನು ಈಗ ವಿಮಾನದ ಟಿಕೇಟನ್ನೂ ವೀಸಾವನ್ನೂ ಕೊಳ್ಳಬೇಕು. ಹೋಗದಿದ್ದರೆ ಕೊರಗು, ಹೋದರೆ ಸಾಲ. ನಮ್ಮ ಪುಸ್ತಕದಲ್ಲಿ ಮದುವೆಯು ಅಗ್ಗವಾಗಿ ತೋರುವದು. ಆದರೆ ಅದು ಅಗ್ಗವಾದದ್ದು ಬೇರೆಯವರ ಪುಸ್ತಕಗಳಲ್ಲಿ ಬರೆಯಲ್ಪಟ್ಟದ್ದರಿಂದ. ನ್ಯಾಯವಾಗಿ ಎಣಿಸುವವನು ಈ ಸಾಲನ್ನೂ ತನ್ನ ಲೆಕ್ಕದಲ್ಲಿ ಬರೆಯುವನು. ಬರಲಾರದವರು ಬರದಿದ್ದರೆ ಬೇಸರವಿಲ್ಲವೆಂದು ಬಾಯಿಬಿಟ್ಟು ಹೇಳುವನು. ಸಾಧ್ಯವಾದರೆ ತುಂಬಿಸತಕ್ಕ ಮೊತ್ತದಿಂದ ಒಂದು ಭಾಗವನ್ನು ಊರಿನಲ್ಲಿಯೇ ಬಿಟ್ಟು, ದಂಪತಿಗಳು ರಜೆಯಲ್ಲಿ ಬಂದಾಗ ಉಳಿದವರೆಲ್ಲರಿಗೂ ಒಂದು ಸಾದಾ ಊಟವನ್ನು ಇಡುವನು.

ಮರ್ಯಾದೆಯ ಮಾತನ್ನೂ ಬಿಡುವ ಹಾಗಿಲ್ಲ. ವರನ ಸಂಗಡ ಕೆಲಸಮಾಡುವವರ ಮುಂದೆ, ಹೊಸ ಸಂಬಂಧಿಕರ ಮುಂದೆ ಕಾರ್ಡು ನಡೆಯದೆ ಹೋದರೆ ನಾಚಿಕೆಯಲ್ಲವೇ ಎಂದು ತಂದೆಯು ಹೆದರುವದು ಸಹಜ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸವು ಸಾಲದೆ ಹೋದದ್ದು ಆ ಮನೆಗೆ ಎಂಥ ಸಂಕಟವಾಗಿತ್ತೆಂದು ನಮಗೆ ಗೊತ್ತಿದೆ. ಆ ನಾಚಿಕೆಯನ್ನು ಹಗುರವೆಂದು ಹೇಳುವವನಿಗೆ ಬಡವನ ಮನಸ್ಸು ತಿಳಿಯದು. ಆದರೆ ನಾಚಿಕೆಗಳು ಎರಡು. ಒಂದು ಆ ಗಳಿಗೆಯ ನಾಚಿಕೆ. ಇನ್ನೂ ಒಂದು ಬಗೆಯ ಪಲ್ಯ ಬೇಡವೆಂದು, ಫೋಟೋದವನು ಇನ್ನೂ ಎರಡು ತಾಸು ಇರುವದು ಬೇಡವೆಂದು ಹೇಳುವಾಗ ಬರುವಂಥದ್ದು. ಅದು ಅಲ್ಲಿಯೇ ಹುಟ್ಟಿ ಅಲ್ಲಿಯೇ ಸಾಯುವದು. ಮತ್ತೊಂದು 44 ತಿಂಗಳುಗಳ ನಾಚಿಕೆ. ಸಾಲ ಕೇಳುವವನ ಕರೆಗೆ ಹೆದರಿ ಫೋನನ್ನು ತಲೆದಿಂಬಿನ ಕೆಳಗೆ ಬಚ್ಚಿಡುವಂಥದ್ದು. ಇವೆರಡರಲ್ಲಿ ಒಂದನ್ನು ಸಹಿಸಲೇಬೇಕಾದರೆ ಯಾವದನ್ನೆಂದು ಬುದ್ಧಿಯುಳ್ಳವನು ಬಲ್ಲನು. ಇದಲ್ಲದೆ ಬೇಡವೆಂಬ ಮಾತನ್ನು ಊರಿನಲ್ಲಿರುವಾಗಲೇ, ಪಟ್ಟಿಯನ್ನು ಬರೆಯುವಾಗಲೇ ಆಡಿದರೆ ಅಲ್ಲಿ ನಾಚಿಕೆಪಡಬೇಕಾಗುವದೇ ಇಲ್ಲ. ಮುಂಗಡದ ಕಾರ್ಡಿನ ನಿಜವಾದ ಉಪಕಾರವು ಇದೇ. ಅದು ಕೊಳ್ಳುವಾಗ ನಮ್ಮನ್ನು ತಡೆಯುವದಕ್ಕಿಂತ ಹೆಚ್ಚಾಗಿ, ತುಂಬಿಸುವಾಗ ನಮ್ಮನ್ನು ಮಾತಾಡಿಸುವದು. ಯಾವದು ಬೇಕು, ಯಾವದು ಬೇಡ, ಯಾರಿಗೋಸ್ಕರ ಈ ಖರ್ಚು ಎಂಬದನ್ನು ತಂದೆ ತಾಯಿ ಮಕ್ಕಳು ಒಂದೇ ದೀಪದ ಮುಂದೆ ಕೂತು ಮಾತಾಡದೆ ಆ ಕಾರ್ಡಿಗೆ ಮೊತ್ತವನ್ನು ಬರೆಯಲಿಕ್ಕಾಗದು.

ಹೀಗಿರಲಾಗಿ, ಪ್ರಿಯರೇ, ಮಗಳ ಇಲ್ಲವೆ ಮಗನ ಮದುವೆಯು ಪರದೇಶದಲ್ಲಿ ಗೊತ್ತಾದರೆ ಬ್ಯಾಂಕಿಗೆ ಹೋಗುವದಕ್ಕೆ ಮುಂಚೆ ಆ ಮಾತುಕಥೆಯನ್ನು ನಡಿಸಿರಿ. ವಧುವರರನ್ನು ಫೋನಿನಲ್ಲಾದರೂ ಅದರಲ್ಲಿ ಸೇರಿಸಿಕೊಳ್ಳಿರಿ. ಯಾಕಂದರೆ ತಪ್ಪಿದ ಲೆಕ್ಕದ ಭಾರವನ್ನು ಕಡೆಗೆ ಹೊರತಕ್ಕವರು ಅವರೇ. ಮೊತ್ತವನ್ನು ಒಂದು ಕಾಗದದಲ್ಲಿ ಬರೆದು ಎಲ್ಲರೂ ನೋಡಲಿ. ನೂರಕ್ಕೆ ಹತ್ತರಷ್ಟನ್ನು ಅನಿರೀಕ್ಷಿತವಾದ ಖರ್ಚಿಗಾಗಿ ಅದರೊಳಗೇ ಬೇರೆ ಇಡಿರಿ. ಆಮೇಲೆ ಮುಡಿಯನ್ನು ಕಟ್ಟಿರಿ. ಮದುವೆಯ ದಿನ ಅದು ತೀರುತ್ತಾ ಬಂದರೆ ದುಃಖಪಡಬೇಡಿರಿ. ಅದು ಆ ದಿನಕ್ಕಾಗಿಯೇ ಕಟ್ಟಲ್ಪಟ್ಟದ್ದು. ವಧುವರರು ಪರರ ಕಣಜದ ಏಣಿಯನ್ನು ಹತ್ತದೆ ತಮ್ಮ ಹೊಸ ಮನೆಯ ಹೊಸ್ತಿಲನ್ನು ದಾಟಿ, ಮೊದಲನೆಯ ತಿಂಗಳಿನ ಕೂಲಿಯನ್ನು ತಮ್ಮದೆಂದು ಕೈಯಲ್ಲಿ ಹಿಡಿಯುವರಾದರೆ, ತಂದೆತಾಯಿಗಳು ಕೊಟ್ಟ ಬಳುವಳಿಗಳಲ್ಲಿ ಅದಕ್ಕಿಂತ ದೊಡ್ಡದು ಯಾವದೂ ಇಲ್ಲ.